ಸಿ ಡ್ರೈವಿನಲ್ಲಿ ನಿಂತುಹೋದ ಹೊಳೆ

ಮಂಡ್ಯದಲ್ಲಿ ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಮೊಬೈಲ್ ರಿಪೇರಿಯ ಒಂದು ಗೂಡಂಗಡಿ ಇದೆ. ಹೋದ ವಾರ ದಾರಿಯಲ್ಲಿ ಮಳೆ ಹಿಡಿದುಕೊಂಡಿತು, ಅದರ ತಗಡಿನ ಸೂರಿನ ಕೆಳಗೆ ನಿಂತೆ. ಒಳಗೆ ಬೆಸುಗೆ ನಡೆಯುತ್ತಿತ್ತು. ಕಾದ ಕಡ್ಡಿ ರಾಳಕ್ಕೆ ತಾಗಿ ಹೊಗೆ ಎದ್ದಿತು. ರಾಳದ ವಾಸನೆ, ಅದರ ಜೊತೆಗೆ ಒದ್ದೆ ಮಣ್ಣಿನ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಛತ್ರಿಯನ್ನೂ ಅಲ್ಲೇ ಮರೆತು ಮಳೆಗೆ ಇಳಿದು ನಡೆದುಬಿಟ್ಟೆ. ತೊಪ್ಪೆಯಾಗಿ ಕ್ಲಾಸಿಗೆ ಹೋದರೆ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ನಗಲಿ. ಆ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ಮಳವಳ್ಳಿಯ ಅನ್ವರಣ್ಣನ ಅಂಗಡಿ ನೆನಪಾಗುತ್ತದೆ. ಅಂಗಡಿಯ ಹಿಂದೆಯೇ ಆ ಶ್ರಾವಣವೂ ಬರುತ್ತದೆ.

ನಾನು ಆಗಿನ್ನೂ ಪಾಠ ಮಾಡುವ ಮೇಡಂ ಆಗಿರಲಿಲ್ಲ. ಮಂಡ್ಯದ ಒಂದು ಗೊಬ್ಬರದಂಗಡಿಯ ಮಹಡಿಯ ಮೇಲಿದ್ದ ಪುಟ್ಟ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಕಂಪನಿ ಅಂದರೆ ಮಾಲೀಕರಾದ ಪುಟ್ಟಸ್ವಾಮಿ ಸರ್, ನಾನು, ಮತ್ತೆ ಕೆಳಗಿನಿಂದ ಏರಿ ಬರುವ ಕ್ರಿಮಿನಾಶಕದ ಘಾಟು. ಹೊಳಲಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಯಾರು ಯಾವ ಕೆಲಸ ತಂದರೂ ಆಗಲ್ಲ ಅನ್ನುವ ಅಭ್ಯಾಸ ಸರ್‌ಗೆ ಇರಲಿಲ್ಲ. ಆ ವರ್ಷ ಅವರು ಒಪ್ಪಿಕೊಂಡು ಬಂದದ್ದು ಹೊಳೆಯ ಕೆಲಸ.

ಕೆಲಸ ಇಷ್ಟೇ. ಕಾವೇರಿಯ ದಂಡೆಯಲ್ಲಿ, ಮುತ್ತತ್ತಿಗಿಂತ ಬಹಳ ಮೇಲೆ, ನೀರಿನ ಮಟ್ಟ ಅಳೆಯುವ ಕಂಬವೊಂದನ್ನು ನೆಟ್ಟಿದ್ದರು. ಅದರ ಅಳತೆ ರೇಡಿಯೋ ಮೂಲಕ ಮಳವಳ್ಳಿಯ ಒಂದು ಕೋಣೆಗೆ ಬರುತ್ತಿತ್ತು. ಆ ಕೋಣೆಯ ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಂ. ಒಂದು ಬೇರೆಯವರದು, ಅದು ಬಂದ ಅಳತೆಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಇನ್ನೊಂದು ನಮ್ಮದು, ಜಾವಾದಲ್ಲಿ ಬರೆದದ್ದು. ಅದು ಆ ಫೈಲನ್ನು ಓದಿ ಪರದೆಯ ಮೇಲೆ ತೋರಿಸಬೇಕು. ನೀರು ಗೆರೆಯ ಕೆಳಗಿದ್ದರೆ ಹಸಿರು. ಗೆರೆ ದಾಟಿದರೆ ಪರದೆ ಕೆಂಪಾಗಿ ಮುತ್ತತ್ತಿಯ ದಂಡೆಯ ಮೇಲಿನ ಸೈರನ್ ಕೂಗಬೇಕು. ಮುತ್ತತ್ತಿ ಇರುವುದು ಕಾಡಿನ ತಗ್ಗಿನಲ್ಲಿ, ಮೊಬೈಲಿಗೆ ಸಿಗ್ನಲ್ ಇಲ್ಲ. ಆಂಜನೇಯನ ದರ್ಶನಕ್ಕೆ ಬಂದವರಿಗೂ, ಹೊಳೆಯ ಬಂಡೆಗಳ ಮೇಲೆ ಅಡುಗೆ ಮಾಡಿ ಉಣ್ಣಲು ಬಂದವರಿಗೂ ಇದ್ದ ಎಚ್ಚರಿಕೆ ಅದೊಂದೇ.

ನಮ್ಮ ಹೊಳೆಯ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅದು ಏರುವುದಕ್ಕೆ ಇಲ್ಲಿ ಮಳೆ ಬರಬೇಕಿಲ್ಲ. ಮೇಲೆ ಎಲ್ಲೋ ಸುರಿದು, ಅಣೆಕಟ್ಟೆ ತುಂಬಿ, ಬಾಗಿಲು ತೆಗೆದರೆ ಸಾಕು. ನೆತ್ತಿಯ ಮೇಲೆ ಬಿಸಿಲು ಕಾಯುತ್ತಿರುವಾಗಲೇ ಕಾಲ ಕೆಳಗಿನ ಬಂಡೆ ಮುಳುಗುತ್ತದೆ.

ಆ ಪ್ರೋಗ್ರಾಂ ಬರೆದವರು ಸರ್, ನೋಡಿಕೊಳ್ಳುವ ಕೆಲಸ ನನ್ನದು. ತೆರೆದು ನೋಡಿದ ಮೊದಲ ದಿನವೇ ಅದರಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಚುಚ್ಚಿತು. ಕಂಪ್ಯೂಟರಿನಲ್ಲಿ ಫೋಲ್ಡರಿನೊಳಗೆ ಫೋಲ್ಡರು ಇರುತ್ತದಲ್ಲ, ಎಲ್ಲಕ್ಕೂ ಮೇಲೆ ಒಂದು ಮೂಲ ಇರುತ್ತದೆ, ಎಲ್ಲ ದಾರಿಯೂ ಹೊರಡುವುದು ಅಲ್ಲಿಂದಲೇ. ವಿಂಡೋಸ್ ಇರುವ ಕಡೆ ಆ ಮೂಲ ಸಾಮಾನ್ಯವಾಗಿ ಸಿ ಡ್ರೈವು. ಸಾಮಾನ್ಯವಾಗಿ, ಅಷ್ಟೆ. ಸರ್ ಅಷ್ಟನ್ನೇ ನಂಬಿಕೊಂಡು, ಹೊಳೆಯ ಫೈಲು ಸಿ ಡ್ರೈವಿನಲ್ಲೇ ಇದೆ ಎಂದು ನೇರವಾಗಿ ಬರೆದುಬಿಟ್ಟಿದ್ದರು. ಜಾವಾದಲ್ಲಿ System.getenv("SystemRoot") ಎಂದು ಒಂದು ಸಾಲು ಬರೆದರೆ ವಿಂಡೋಸ್ ತಾನು ಎಲ್ಲಿ ಕೂತಿದ್ದೇನೆಂದು ತಾನೇ ಹೇಳುತ್ತದೆ. ಕೇಳುವ ಮನಸ್ಸು ಮಾಡಬೇಕು.

"ಸರ್, ಇಲ್ಲಿ ಸಿ ಅಂತ ಬರ್ದಿದೀರ. ಕೇಳಿ ತಿಳ್ಕೊಳ್ಳೋ ಥರ ಬದಲಾಯಿಸ್ಲಾ?" ಎಂದೆ.

ಸರ್ ಕಾಫಿ ಆರಿಸಿಕೊಳ್ಳುತ್ತಾ ನಕ್ಕರು. "ಯಾವ್ ಕಂಪ್ಯೂಟರ್ನಾಗೆ ಕಣಮ್ಮ ವಿಂಡೋಸು ಸಿ ಬುಟ್ಟು ಬ್ಯಾರೆ ಕಡೆ ಇರೋದು? ನಿಮ್ ಮನೆ ಬಾಗ್ಲು ಎಲ್ಲದೆ ಅಂತ ದಿನಾ ನಿಮ್ಮವ್ವನ್ನ ಕೇಳ್ಕೊಂಡು ಒಳಿಕ್ಕೆ ಓಯ್ತೀಯಾ? ಓಡ್ತಾ ಅದಲ್ಲ, ಬುಡು."

ನಾನು ಬಿಟ್ಟೆ. ಒಂದು ಮಾತನ್ನು ಎರಡು ಸಲ ಹೇಳುವುದು ನನ್ನ ಜಾಯಮಾನವಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕವಳಿದ್ದಾಗ ಅಕ್ಕನನ್ನು ಊಟಕ್ಕೆ ಬಾ ಎಂದು ಒಂದು ಸಲ ಕೂಗುತ್ತಿದ್ದೆ, ಬರದಿದ್ದರೆ ಅವಳ ಮುದ್ದೆಯನ್ನೂ ನಾನೇ ಮುಗಿಸುತ್ತಿದ್ದೆ. ಫೋನೂ ಅಷ್ಟೆ, ಒಮ್ಮೆ ಮಾಡುತ್ತೇನೆ, ಎತ್ತದಿದ್ದರೆ ಅವರ ಕರ್ಮ. "ಇವಳದು ಒಂದೇ ಬಾಯಿ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಬೈಗುಳವೋ ಹೊಗಳಿಕೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಆಷಾಢವೆಲ್ಲ ಸೈರನ್ನಿನ ಗೋಳು. ಕಂಬಕ್ಕೆ ಜೊಂಡು ಸಿಕ್ಕಿಕೊಂಡರೂ ಕೂಗುತ್ತಿತ್ತು, ಗಾಳಿ ಜೋರಾದರೂ ಕೂಗುತ್ತಿತ್ತು. ಮುತ್ತತ್ತಿಯ ಹಣ್ಣುಕಾಯಿ ಅಂಗಡಿಯವರು ಹಲಗೂರಿನ ಸಂತೆಗೆ ಬಂದಾಗಲೆಲ್ಲ ಮಳವಳ್ಳಿಗೆ ಫೋನ್ ಮಾಡಿ ಬಯ್ಯುತ್ತಿದ್ದರು. ಆ ಬೈಗುಳವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವರು ಶಿವಮ್ಮ. ಕೋಣೆಯಲ್ಲಿ ಕೂತು ಪರದೆ ನೋಡಿಕೊಳ್ಳುವುದು ಅವರ ಕೆಲಸ. ಕೈಯಲ್ಲಿ ಸದಾ ಹೂ ಕಟ್ಟುವ ನಾರು, ಕಣ್ಣು ಪರದೆಯ ಮೇಲೆ. "ಇದ್ರ ಬಾಯಿಗೆ ಮಣ್ಣಾಕ, ನನ್ನ ಕಿವೀನೇ ತೂತಾಯ್ತು ಕಣವ್ವ" ಎಂದು ನನ್ನ ಹತ್ತಿರ ಅಲವತ್ತುಕೊಳ್ಳುತ್ತಿದ್ದರು.

ಆಷಾಢದ ಕೊನೆಗೆ ಸಿಡಿಲಿನ ಮಳೆಯೊಂದು ಬಂತು. ಕರೆಂಟು ಹೋಗಿ ಬಂದು ಹೋಗಿ, ಆ ಕಂಪ್ಯೂಟರು ಕಣ್ಣು ಮುಚ್ಚಿತು. ಸರ್ ನನ್ನನ್ನು ಕಳಿಸುವ ಬದಲು ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರದ ಅನ್ವರಣ್ಣನಿಗೆ ಹೇಳಿದರು.

ಅನ್ವರಣ್ಣ ಕಿರುಗಾವಲಿನವರು. ಮಿಕ್ಸಿಯಿಂದ ಹಿಡಿದು ಕಂಪ್ಯೂಟರಿನವರೆಗೆ ಕೆಟ್ಟದ್ದೆಲ್ಲ ಅವರ ಅಂಗಡಿಗೇ ಬರಬೇಕು. ಅಂಗಡಿಯೊಳಗೆ ಯಾವಾಗಲೂ ರಾಳದ ಹೊಗೆ, ಹೊರಗೆ ಬಸ್ಸುಗಳ ಕೆಸರು. ಮಂಡ್ಯ, ಮದ್ದೂರಿನ ಕಡೆಯಿಂದಲೂ ಜನ ಅವರನ್ನು ಹುಡುಕಿಕೊಂಡು ಹೋಗುತ್ತಿದ್ದದ್ದಕ್ಕೆ ಒಂದು ಕಾರಣ ಇತ್ತು. ಅವರು ಯಾರ ಕಂಪ್ಯೂಟರನ್ನೂ ಅಳಿಸುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಹೆಂಗಸಿನ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ಮಾಡಿಕೊಟ್ಟರಂತೆ. ತೀರಿಹೋದ ಗಂಡನ ಫೋಟೋ, ಮಾತು ಎಲ್ಲ ಅದರಲ್ಲಿದ್ದದ್ದು ಆಮೇಲೆ ತಿಳಿಯಿತು. ಆಕೆ ಬೈಯಲಿಲ್ಲ, ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳಂತೆ. "ಅವತ್ತಿಂದ ನಾನು ಇರೋದನ್ನ ಅಳ್ಸಾಕಿಲ್ಲ ಕಣಮ್ಮ. ಪಕ್ಕದಾಗೆ ಜಾಗ ಮಾಡ್ಕೊಂಡು ಒಸದು ಇಡ್ತೀನಿ. ಅಳೇದು ಅದ್ರ ಪಾಡಿಗೆ ಅದು ಮನಿಕ್ಕೊಂಡಿರ್ತದೆ" ಎಂದು ನನಗೇ ಒಮ್ಮೆ ಹೇಳಿದ್ದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ. ಈಗಲೂ ಅಂದುಕೊಳ್ಳುತ್ತೇನೆ.

ಅವರು ಸರಿಮಾಡಿ, ಎರಡೂ ಪ್ರೋಗ್ರಾಂ ಮತ್ತೆ ಹಾಕಿ ಕೊಟ್ಟಮೇಲೆ ಸೈರನ್ ಸುಮ್ಮನಾಯಿತು. ಸರ್ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಗ್ರೀನ್ ಬತ್ತಾ ಅದಾ?" ಬರುತ್ತಿತ್ತು. ಎಲ್ಲರಿಗೂ ಸಮಾಧಾನ. ಶ್ರಾವಣ ಹುಟ್ಟಿತು. ಮುತ್ತತ್ತಿಯಲ್ಲಿ ಶನಿವಾರದ ಜನ ಹೆಚ್ಚಾಯಿತು. ಮೇಲೆ ಭಾರಿ ಮಳೆ, ಅಣೆಕಟ್ಟೆಯಿಂದ ಯಾವಾಗ ಬೇಕಾದರೂ ನೀರು ಬಿಡಬಹುದು ಎಂದು ಟೀವಿಯವರು ದಿನಾ ಹೇಳುತ್ತಿದ್ದರು. ದಿನಾ ಹೇಳಿದ್ದನ್ನು ಯಾರು ಕೇಳುತ್ತಾರೆ? ಹೊಳಲಿನಲ್ಲಿ ನಮ್ಮ ಗದ್ದೆಯ ಕಾಲುವೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆದರೆ ಮಳವಳ್ಳಿಯ ಪರದೆ ಹಸಿರಾಗಿಯೇ ಇತ್ತು.

ಆ ವಾರ ಬೇರೇನೋ ಕೇಳಲು ಶಿವಮ್ಮನಿಗೆ ಫೋನ್ ಮಾಡಿದ್ದೆ. ಅವರು ಖುಷಿಯಾಗಿದ್ದರು. "ಒಳ್ಳೆ ಮನಿಕ್ಕೊಂಡ ಮಗಿನಂಗೆ ಅದೆ ಕಣವ್ವ. ಬಂದಾಗ್ನಿಂದ ಅದೇ ನಂಬರು. ಒಂದು ಕೂದ್ಲೆಳೆ ಅಲ್ಲಾಡಿಲ್ಲ."

ನನಗೆ ಅದು ಹಿಡಿಸಲಿಲ್ಲ. ಹೊಳೆ ಅಂದಮೇಲೆ ಸ್ವಲ್ಪವಾದರೂ ಏರಬೇಕು, ಸ್ವಲ್ಪವಾದರೂ ಇಳಿಯಬೇಕು. ಒಂದೇ ಕಡೆ ನಿಲ್ಲುವ ಹೊಳೆಯನ್ನು ನಾನು ನೋಡಿಲ್ಲ. ಕಂಬದಲ್ಲಿ ಏನೋ ಕೆಟ್ಟಿರಬೇಕು, ಶನಿವಾರ ಹೇಗೂ ಆ ಕಡೆ ಹೋಗುವುದಿದೆ, ನೋಡಿದರಾಯಿತು ಎಂದುಕೊಂಡೆ.

ಆ ಶನಿವಾರ ಅಕ್ಕನ ಮಗುವಿನ ಮುಡಿ. ಅಕ್ಕ ಮಂಜುಳಳನ್ನು ಕೊಟ್ಟಿದ್ದು ಮದ್ದೂರಿಗೆ. ಅವಳ ಮೊದಲ ಕೂಸಿನ ಕೂದಲನ್ನು ಮುತ್ತತ್ತಿಯಲ್ಲಿ ಕೊಡುವುದು ಅವ್ವನ ಹರಕೆ. ನಮ್ಮಲ್ಲಿ ಮುಡಿಯ ಮೊದಲ ಎಳೆಯನ್ನು ಸೋದರಮಾವ ಕತ್ತರಿಸಬೇಕು. ನಮಗೆ ಅಣ್ಣತಮ್ಮಂದಿರಿಲ್ಲ. ಯಾರನ್ನೋ ಮಾವನೆಂದು ಕೂರಿಸುವುದು ಬೇಡ, ಚಿಕ್ಕಮ್ಮನೇ ಕತ್ತರಿಸಲಿ ಎಂದು ಅವ್ವ ತೀರ್ಮಾನ ಮಾಡಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ಹೊಸ ಕತ್ತರಿಯನ್ನೂ ನಾನೇ ಕೊಂಡಿದ್ದೆ.

ಬೆಳಗ್ಗೆ ಹೊಳಲಿನಿಂದ ಟೆಂಪೋ ಹೊರಟು, ಮದ್ದೂರಿನಲ್ಲಿ ಅಕ್ಕ, ಭಾವ, ಮಗುವನ್ನು ಹತ್ತಿಸಿಕೊಂಡಿತು. ಆಕಾಶ ತೊಳೆದಿಟ್ಟ ಹಾಗಿತ್ತು, ಎಲ್ಲೂ ಒಂದು ಮೋಡವಿಲ್ಲ. ಅಕ್ಕ ಮಗುವನ್ನು ತೊಡೆಯ ಮೇಲೆ ಕುಣಿಸುತ್ತಾ ಕೇಳಿದಳು: "ನಿಮ್ಮದು ಅಲ್ಲಿ ಅರಚ್ಕೊಳ್ತದಂತಲ್ಲೇ, ಅಂಗಡಿಯೋರೆಲ್ಲ ಬಯ್ಯೋದು. ಇವತ್ತೂ ಅರಚ್ತದಾ? ಈ ಮಗ ಮೊದ್ಲೇ ಎದ್ರುಪುಕ್ಲ."

"ನಾನು ಮಳವಳ್ಳೀಲಿ ಇಳ್ದು ಅದನ್ನೇ ನೋಡ್ತೀನಿ. ಅರಚಿದ್ರೆ ನಾನೇ ಪರೀಕ್ಷೆ ಮಾಡ್ತಾ ಇದೀನಿ ಅಂತ ತಿಳ್ಕೊ. ಎದ್ರುಕೋಬೇಡಿ, ಮಗೀಗೆ ಕಿವಿ ಮುಚ್ಚು, ಅಷ್ಟೇ" ಎಂದೆ.

ಅವ್ವ ಮುಂದಿನ ಸೀಟಿನಿಂದ ತಿರುಗಿದಳು. "ಬಿರ್ರನೆ ಬಂದ್ಬುಡು. ಮೊದ್ಲೆಳೆ ಕತ್ತರಿಸೋಳು ನೀನು. ನೀನು ಬರೋಗಂಟ ನಾವು ಹೊಳೆ ಬಂಡೆ ಮ್ಯಾಲೇ ಕೂತಿರ್ತೀವಿ."

ಮಳವಳ್ಳಿಯಲ್ಲಿ ಇಳಿದೆ. ಕತ್ತರಿ ನನ್ನ ಚೀಲದಲ್ಲೇ ಉಳಿಯಿತು.

ಕೋಣೆಯಲ್ಲಿ ಶಿವಮ್ಮ ತುಳಸಿ ಮಾಲೆ ಕಟ್ಟುತ್ತಿದ್ದರು. ಪರದೆ ಹಸಿರು. ಮಧ್ಯದಲ್ಲಿ ಎರಡಂಗುಲದ ದಪ್ಪ ಅಕ್ಷರದಲ್ಲಿ ಆ ನಂಬರು. ನಾನು ಅದರ ಮುಂದೆ ಕೂತು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಕಿಟಕಿಯಾಚೆ ಬಿಸಿಲು, ಬಸ್ಸುಗಳ ಹಾರನ್ನು, ಕಡಲೆಕಾಯಿ ಮಾರುವವರ ಕೂಗು. ನಂಬರು ಅಲ್ಲಾಡಲಿಲ್ಲ.

ನನ್ನ ಪೆನ್‌ಡ್ರೈವಿನಲ್ಲಿ ಒಂದು ಪುಟಾಣಿ ಜಾವಾ ಪ್ರೋಗ್ರಾಂ ಇತ್ತು. ಸರ್ ಬೇಡ ಅಂದದ್ದನ್ನು ನನಗೋಸ್ಕರ ನಾನು ಬರೆದುಕೊಂಡಿದ್ದೆ. ಹೊಸ ಕಂಪ್ಯೂಟರಿನ ಮುಂದೆ ಕೂತಾಗ ಮೊದಲು ಅದನ್ನು ಓಡಿಸುವುದು ನನ್ನ ಅಭ್ಯಾಸ. ಅದು ಎರಡೇ ಪ್ರಶ್ನೆ ಕೇಳುತ್ತದೆ: ಇಲ್ಲಿ ಎಷ್ಟು ಮೂಲಗಳಿವೆ, ಅದರಲ್ಲಿ ನೀನು ಕೂತಿರುವುದು ಯಾವುದರಲ್ಲಿ. ಓಡಿಸಿದೆ. ಮೊದಲ ಪ್ರಶ್ನೆಗೆ ಸಿ, ಡಿ ಎಂದು ಎರಡು ಹೆಸರು ಬಂದವು. ಎರಡನೆಯದಕ್ಕೆ ಬಂದ ಉತ್ತರ ಡಿ.

ಎದ್ದು ಬಾಗಿಲಿಗೆ ಹೋಗಿ ರಸ್ತೆಯಾಚೆಯ ಅಂಗಡಿಗೆ ಕೂಗಿದೆ. ಅನ್ವರಣ್ಣ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದೇ ಬಂದರು, ಮೈಯೆಲ್ಲ ರಾಳದ ವಾಸನೆ.

"ಅನ್ವರಣ್ಣ, ಇದ್ರಲ್ಲಿ ವಿಂಡೋಸ್ ಎಲ್ಲಿ ಹಾಕಿದ್ರಿ?"

"ಡಿ ನಾಗೆ ಕಣಮ್ಮ. ಸಿ ನಾಗೆ ಅಳೇದೆಲ್ಲ ಅಂಗೇ ಅದೆ, ಒಂದು ಚೂರು ಮುಟ್ಟಿಲ್ಲ. ನಿಮ್ ಹೊಳೆ ಲೆಕ್ಕ ಎಲ್ಲ ಅದ್ರಾಗೇ ಇತ್ತಲ್ಲ, ಅಳಿಸ್ಬುಟ್ರೆ ಪಾಪ ನಿಮ್ಗೇ ಕಷ್ಟ ಅಂತ."

ಅವರು ಸಂತೋಷದಿಂದಲೇ ಹೇಳಿದರು. ನಡೆದದ್ದು ಏನೆಂದು ನನಗೆ ಅಷ್ಟರಲ್ಲೇ ಅರ್ಥವಾಗಿತ್ತು. ಹೊಳೆಯ ಅಳತೆ ಬರೆಯುವ ಇನ್ನೊಬ್ಬರ ಪ್ರೋಗ್ರಾಂ, ಹೊಸದಾಗಿ ಹಾಕಿದಾಗ ಮೂಲ ಎಲ್ಲಿ ಎಂದು ಕೇಳಿ ತಿಳಿದು, ಡಿ ಗೆ ಹೋಗಿ ಬರೆಯತೊಡಗಿತ್ತು. ನಮ್ಮದು ಯಾರನ್ನೂ ಕೇಳದೆ ಸಿ ಗೆ ಹೋಗಿ ಹಳೆಯ ಫೈಲನ್ನೇ ಓದುತ್ತಿತ್ತು. ಅಲ್ಲಿ ಫೈಲು ಇಲ್ಲದಿದ್ದರೆ ಕಿರುಚಿಕೊಂಡಾದರೂ ನಿಲ್ಲುತ್ತಿತ್ತು. ಆದರೆ ಅನ್ವರಣ್ಣ ಏನನ್ನೂ ಅಳಿಸಿರಲಿಲ್ಲ. ಸಿಡಿಲು ಬಡಿದ ದಿನದ ಹೊಳೆ ಅಲ್ಲಿ ಹಾಗೇ ನಿಂತಿತ್ತು, ಅದನ್ನೇ ನಾವು ಶ್ರಾವಣದ ಉದ್ದಕ್ಕೂ ನೋಡುತ್ತಾ ಸಮಾಧಾನ ಪಟ್ಟುಕೊಂಡಿದ್ದೆವು.

ಡಿ ಯ ಫೈಲನ್ನು ತೆರೆದೆ. ನೀರು ಗೆರೆಯನ್ನು ಯಾವಾಗಲೋ ದಾಟಿತ್ತು. ನಾನು ನೋಡುತ್ತಿರುವಾಗಲೇ ಇನ್ನೂ ದೊಡ್ಡ ನಂಬರೊಂದು ಬಂದು ಕೂತಿತು.

ಪ್ರೋಗ್ರಾಂ ತಿದ್ದುವುದಕ್ಕೆ ಅದರ ಮೂಲ ಬರಹ ನನ್ನ ಹತ್ತಿರ ಇರಲಿಲ್ಲ, ಅದು ಮಂಡ್ಯದಲ್ಲಿತ್ತು. ಉಳಿದದ್ದು ಒಂದೇ ದಾರಿ. ಡಿ ಯ ಫೈಲನ್ನು ಎತ್ತಿ ಸಿ ಯ ಫೈಲಿನ ಜಾಗದಲ್ಲಿ ಹಾಕಿದೆ. ಪರದೆ ಕೆಂಪಾಯಿತು. ಶಿವಮ್ಮನ ಕೈಯಿಂದ ಮಾಲೆ ಜಾರಿತು. ಅಲ್ಲಿಗೆ ಮುತ್ತತ್ತಿಯಲ್ಲಿ ಸೈರನ್ ಕೂಗಿರಬೇಕು. ಮಳವಳ್ಳಿಯಲ್ಲಿ ಕೂತವರಿಗೆ ಏನು ಕೇಳಿಸಬೇಕು? ಬಸ್ಸಿನ ಹಾರನ್ನು, ಅಷ್ಟೆ.

ನಿಟ್ಟುಸಿರು ಬಿಡುವಷ್ಟರಲ್ಲಿ ಬೆಳಗಿನ ಟೆಂಪೋ ನೆನಪಾಯಿತು. ಅರಚಿದ್ರೆ ನಾನೇ ಅಂತ ತಿಳ್ಕೊ. ಎದ್ರುಕೋಬೇಡಿ. ಆ ದಂಡೆಯ ಮೇಲೆ ಅಷ್ಟು ಜನರಲ್ಲಿ, ಸೈರನ್ ಕೂಗಿದರೆ ಏಳಬೇಡಿ ಎಂದು ಮೊದಲೇ ಹೇಳಿಸಿಕೊಂಡವರು ನಮ್ಮ ಮನೆಯವರು. ಅವ್ವ, ಅಕ್ಕ, ಭಾವ, ಕೂಸು. ನನಗೋಸ್ಕರ ಬಂಡೆಯ ಮೇಲೆ ಕಾಯುತ್ತಿದ್ದಾರೆ.

ಅಕ್ಕನಿಗೆ ಫೋನ್ ಮಾಡಿದೆ. ಸಿಗ್ನಲ್ ಇಲ್ಲ. ಭಾವನದೂ ಹಾಗೇ.

"ಅನ್ವರಣ್ಣ, ನಮ್ಮವ್ವ ಅಲ್ಲವ್ಳೆ. ಸೈರನ್ ಕೇಳಿದ್ರೂ ಅವ್ರು ಏಳಲ್ಲ" ಎಂದೆ. ಏಳಲ್ಲ ಯಾಕೆ ಎಂದು ಅವರು ಕೇಳಲಿಲ್ಲ. ಕಡ್ಡಿಯನ್ನು ಶಿವಮ್ಮನ ಮೇಜಿನ ಮೇಲೆ ಇಟ್ಟು, "ಯಾವ್ ಬಂಡೆ ಯೋಳು" ಎಂದರು. ದೇವಸ್ಥಾನದ ಕೆಳಗಿನದು ಇರಬೇಕು ಎಂದೆ. ಬೈಕು ಹತ್ತಿ ಹಲಗೂರಿನ ಕಡೆ ಹೊರಟೇಬಿಟ್ಟರು. ಹಲಗೂರು ದಾಟಿ, ಕಾಡು ಇಳಿದು ಮುತ್ತತ್ತಿ ಮುಟ್ಟುವ ಹೊತ್ತಿಗೆ ಏನೇನಾಗಿರುತ್ತದೋ ಎಂದು ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ.

ಪರದೆಯ ಮುಂದೆ ಕೂತಾಗ ಒಂದು ಯೋಚನೆ ಬಂತು. ಪರೀಕ್ಷೆ ಮಾಡುವವರು ಒಂದು ಸಲ ಕೂಗಿಸುತ್ತಾರೆ. ಅದರಲ್ಲೂ ನಾನು. ಮತ್ತೆ ಮತ್ತೆ ಕೂಗಿದರೆ ಅವ್ವ ಅನುಮಾನ ಪಟ್ಟಾಳು. ಆದರೆ ಆ ಪ್ರೋಗ್ರಾಂ ಗೆರೆ ದಾಟಿದಾಗ ಒಮ್ಮೆ ಕೂಗಿ ಸುಮ್ಮನಾಗುವಂಥದ್ದು. ನೀರು ಇಳಿದು ಮತ್ತೆ ಏರಿದರೆ ಮಾತ್ರ ಇನ್ನೊಮ್ಮೆ. ಹಾಗಾಗಿ ಫೈಲಿನಲ್ಲಿ ಕಡಿಮೆ ನಂಬರು ಬರೆದು ಹಾಕಿದೆ. ಪರದೆ ಹಸಿರಾಯಿತು. ಮತ್ತೆ ನಿಜದ ನಂಬರು ಹಾಕಿದೆ, ಕೆಂಪು. ಮತ್ತೆ ಹೊಳೆಯನ್ನು ಇಳಿಸಿದೆ, ಮತ್ತೆ ಏರಿಸಿದೆ.

"ಒಂದ್ಸಲ ಕೂಗಿಸಿದ್ರೆ ಸಾಕಲ್ವೇನವ್ವ? ನಾಳೆ ಉಗೀತಾರೆ" ಎಂದರು ಶಿವಮ್ಮ.

"ಉಗೀಲಿ" ಎಂದೆ. ಹಸಿರು. ಕೆಂಪು. ಹಸಿರು. ಕೆಂಪು. ಅಲ್ಲಿ ಕೂಗುತ್ತಿದೆಯೋ ಇಲ್ಲವೋ, ಕೂಗಿದರೂ ಯಾರಾದರೂ ತಲೆಯೆತ್ತಿ ನೋಡುತ್ತಿದ್ದಾರೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಮೇಜಿನ ಮೇಲೆ ಅನ್ವರಣ್ಣ ಬಿಟ್ಟುಹೋದ ಕಡ್ಡಿಯಿಂದ ರಾಳದ ವಾಸನೆ ಬರುತ್ತಲೇ ಇತ್ತು. ಆಮೇಲೆ ಯಾವಾಗಲೋ, ಬಿಸಿಲು ಇದ್ದ ಹಾಗೇ, ಹೊರಗೆ ಹನಿ ಬಿದ್ದು ಮಣ್ಣಿನ ವಾಸನೆಯೂ ಸೇರಿಕೊಂಡಿತು. ನಾನು ಬಾಯಿಬಿಟ್ಟು ಅಳುತ್ತಿದ್ದೆನಂತೆ. ಶಿವಮ್ಮ ಆಮೇಲೆ ಹೇಳಿದ್ದು, ನನಗೆ ನೆನಪಿ‌ಲ್ಲ.

ಅಲ್ಲಿ ನಡೆದದ್ದನ್ನು ಅವ್ವನ ಬಾಯಿಂದ ಕೇಳಿದ್ದೇನೆ. ಅಕ್ಕ ಇವತ್ತಿಗೂ ಆ ಮಾತು ತೆಗೆಯುವುದಿಲ್ಲ.

ಮೊದಲನೇ ಸಲ ಕೂಗಿದಾಗ ಅಕ್ಕ ನಗುತ್ತಾ ಮಗುವಿನ ಕಿವಿ ಮುಚ್ಚಿದಳಂತೆ. ಪಕ್ಕದ ಬಂಡೆಯಲ್ಲಿ ಮದ್ದೂರಿನ ಕಡೆಯವರೇ ಒಂದು ಕುಟುಂಬ, ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೂರು ಕಲ್ಲು ಹೂಡಿ ಕೋಳಿಸಾರು ಬೇಯಿಸುತ್ತಿದ್ದರು. ಗಂಡ ಎದ್ದು ನಿಂತು, "ಏನಮ್ಮ ಅದು, ನೀರೇನಾದ್ರೂ ಬುಟ್ರಾ?" ಎಂದು ಕೇಳಿದ. ಅಕ್ಕ ಹೆಮ್ಮೆಯಿಂದ ಹೇಳಿದಳು: "ಏನಿಲ್ಲ ಕಣಣ್ಣ, ನನ್ ತಂಗೀದೇ ಆ ಮಿಸೀನು. ಟೆಸ್ಟ್ ಮಾಡ್ತಾವ್ಳೆ." ಅವನು ನಕ್ಕು, ಕೂತು, ಒಲೆಗೆ ಇನ್ನೊಂದು ಸೌದೆ ತಳ್ಳಿದ.

ಎರಡನೇ ಸಲ ಕೂಗಿದಾಗ ಅವ್ವ ಎಲೆಅಡಿಕೆ ಮಡಿಸುತ್ತಿದ್ದ ಕೈ ನಿಲ್ಲಿಸಿದಳು. ಮೂರನೇ ಕೂಗಿಗೆ ಎದ್ದು ನಿಂತಳು. "ಇವಳು ಎರಡು ಸಲ ಕರೆಯೋಳಲ್ಲ. ಏನೋ ಆಗದೆ. ಏಳ್ರೀ, ಏಳೇ ಮಂಜಿ, ಮಗ ಎತ್ಕೊ, ನಡೀರಿ ಮ್ಯಾಲಕ್ಕೆ" ಎಂದು ಕೂಗಿ, ಪೂಜೆಯ ಬುಟ್ಟಿಯನ್ನೂ ಬಿಟ್ಟು ಎಲ್ಲರನ್ನೂ ದಬ್ಬಿಕೊಂಡು ಹೊರಟಳು. ಪಕ್ಕದ ಬಂಡೆಯವರಿಗೂ ಏಳಿ ಎಂದು ಕೂಗಿದಳು.

"ನೀವೇ ಟೆಸ್ಟು ಅಂದ್ರಲ್ಲವ್ವ" ಎಂದನಂತೆ ಅವನು, ನಗುತ್ತಲೇ.

ಅವನ ಹೆಂಡತಿಗೆ ಅವ್ವನ ಮುಖ ನೋಡಿ ಏನನ್ನಿಸಿತೋ, ಮಕ್ಕಳನ್ನು ಎಳೆದುಕೊಂಡು ಹಿಂದೆಯೇ ಬಂದಳು. ಅವನು ಸಾರಿನ ಪಾತ್ರೆ ಇಳಿಸಿಕೊಂಡು ಬರುತ್ತೇನೆ ಎಂದು ನಿಂತ. ಇವರು ದಂಡೆಯ ಮೇಲೆ ಹತ್ತಿ ತಿರುಗಿ ನೋಡುವಾಗ ಅವನು ಎರಡು ಕೈಯಲ್ಲೂ ಪಾತ್ರೆ ಹಿಡಿದು ನಿಂತಿದ್ದ. ಬಂಡೆಗೂ ದಂಡೆಗೂ ನಡುವೆ ಕೆಂಪು ನೀರು ಆಗಲೇ ಸೇರಿಕೊಂಡಿತ್ತು. ಅನ್ವರಣ್ಣ ಮುಟ್ಟಿದಾಗ ಆ ಬಂಡೆ ಇರಲಿಲ್ಲ. ಆ ಹೆಂಗಸು ದಂಡೆಯ ಮೇಲೆ ನಿಂತು ಹೆಸರು ಹಿಡಿದು ಕೂಗುತ್ತಿದ್ದಳಂತೆ.

ಅವನು ಸಿಕ್ಕಿದ್ದು ಕೆಲವು ದಿನವಾದ ಮೇಲೆ, ಕೆಳಗೆ, ನೀರು ಇಳಿದಾಗ.

ಪುಟ್ಟಸ್ವಾಮಿ ಸರ್ ಆ ಕೆಲಸ ಬಿಟ್ಟರು, ನಾನು ಅವರನ್ನು ಬಿಟ್ಟೆ. ಹೊರಡುವ ಮೊದಲು ಆ ಒಂದು ಸಾಲನ್ನು ಬದಲಾಯಿಸಿಯೇ ಹೊರಟೆ, ಈ ಸಲ ಯಾರನ್ನೂ ಕೇಳಲಿಲ್ಲ. ಅನ್ವರಣ್ಣ ಆ ವರ್ಷವೇ ಅಂಗಡಿ ಮುಚ್ಚಿ ಕಿರುಗಾವಲಿಗೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ಟೀ ಕೊಟ್ಟರು. "ಅಳಿಸಿದ್ರೂ ತಪ್ಪು, ಬುಟ್ರೂ ತಪ್ಪು ಅಂದ್ರೆ ಎಂಗಮ್ಮ?" ಎಂದು ಕೇಳಿದರು. ಅಕ್ಕನ ಮಗುವಿನ ಕೂದಲನ್ನು ಹೊಳಲಿನ ಮನೆಯ ಅಂಗಳದಲ್ಲೇ ತೆಗೆಸಿದರು. ಮೊದಲ ಎಳೆ ನಾನೇ ಕತ್ತರಿಸಿದೆ. ಕತ್ತರಿ ಕೂಸಿನ ಕಿವಿಗೆ ತಾಗಿ ಒಂದು ಹನಿ ರಕ್ತ ಬಂತು.

ತಪ್ಪು ನನ್ನದು ಎಂದು ಎದೆ ಬಡಿದುಕೊಳ್ಳುವವಳಲ್ಲ ನಾನು. ಆ ಸಾಲು ಬರೆದದ್ದು ನಾನಲ್ಲ. ಟೆಂಪೋದಲ್ಲಿ ಆಡಿದ್ದು ಯಾರಾದರೂ ಆಡುವ ಮಾತು. ಅಕ್ಕ ಹೇಳಿದ್ದೂ ಅಷ್ಟೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡರೂ ಶ್ರಾವಣದ ಬಿಸಿಲು ಕಂಡರೆ ಭಯವಾಗುತ್ತದೆ. ಮೋಡವಿಲ್ಲದ ಆಕಾಶದ ಕೆಳಗೆ ನಿಂತಾಗ ಮೇಲೆ ಎಲ್ಲೋ ಏನೋ ತುಂಬುತ್ತಿದೆ ಅನಿಸುತ್ತದೆ.

ಹೋದ ವಾರ ನೆನೆದುಕೊಂಡು ಹೋದೆನಲ್ಲ, ಆ ಕ್ಲಾಸಿನಲ್ಲಿ ಒಬ್ಬ ಹುಡುಗಿ ತನ್ನ ಜಾವಾ ಪ್ರೋಗ್ರಾಮಿನಲ್ಲಿ ಸಿ ಎಂದು ನೇರವಾಗಿ ಬರೆದಿದ್ದಳು. "ಎಲ್ಲಾ ಕಡೆ ಸಿ ತಾನೇ ಮೇಡಂ?" ಎಂದಳು. ಊಹೆ ಮಾಡಬೇಡ, ಕಂಪ್ಯೂಟರನ್ನೇ ಕೇಳು ಎಂದೆ. ಅವಳು ತಲೆಯಾಡಿಸಿದಳು. ಕಂಪ್ಯೂಟರನ್ನೇ ಕೇಳು ಎಂದು ಮತ್ತೆ ಹೇಳಿದೆ. ಸರಿ ಮೇಡಂ ಎಂದಳು. ಮೂರನೇ ಸಲ ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಹೇಳಿದ್ದನ್ನೇ ಹೇಳುತ್ತಾರೆ ಎಂದು ಕಾಲೇಜಿನಲ್ಲಿ ನನಗೆ ಹೆಸರೇ ಬಿದ್ದಿದೆ.

ಅವತ್ತು ಮೂರನೇ ಕೂಗಿಗೆ ಅವ್ವ ಎದ್ದಳು. ನಾನು ಎಂಥವಳೆಂದು ಅವಳಿಗೆ ಗೊತ್ತಿತ್ತು. ಪಾತ್ರೆ ಹಿಡಿದು ನಿಂತ ಆ ಮನುಷ್ಯನಿಗೆ ನನ್ನ ಪರಿಚಯ ಇರಲಿಲ್ಲ.